ಹತ್ತಕ್ಕೆ ಎಂಟು

ಹಲ್ಲಿನ ಮೇಷ್ಟ್ರು ಅಂದರೆ ನಮ್ಮ ಬೀದಿಗೆಲ್ಲ ಗೊತ್ತು. ಪಾಠ ಹೇಳುವವರಲ್ಲ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವವರು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಯಾರೇ ಎದುರಾಗಲಿ, ಮೊದಲು ನೋಡುವುದು ಬಾಯಿಯನ್ನೇ. "ನಮ್ಮನೆಯವರು ನನ್ನ ಹೆಸರು ಮರೆತಾರು, ಕೋರೆಹಲ್ಲು ಮರೆಯಲ್ಲ" ಅಂತ ಅವರ ಹೆಂಡತಿ ಗೊಣಗುತ್ತಾರೆ.

ನಾನು ಔಷಧಿ ಅಂಗಡಿಯ ಕೌಂಟರಿನವಳು. ಮೆಟ್ಟಿಲಲ್ಲಿ ಜಾರಿ ಮುಂದಿನ ಎರಡು ಹಲ್ಲು ಮುರಿದುಕೊಂಡೆ. ನೋವು ಇಳಿದ ಮೇಲೆ, ನಿಜ ಹೇಳಬೇಕಂದರೆ, ಖುಷಿಯೇ ಆಯಿತು. ಶಾಲೆಯಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದೇ 'ಮೊಲ' ಅಂತ. ಪೀಡೆ ತೊಲಗಿತು, ಇನ್ನು ಪುಟ್ಟ ಹಲ್ಲು ಹಾಕಿಸಿಕೊಂಡು ಆರಾಮಾಗಿ ನಗೋಣ ಅಂದುಕೊಂಡೆ.

ಮುರಿದ ಬುಡದ ಮೇಲೆ ಕ್ಯಾಪ್ ಕೂರಿಸುವುದು ಡಾಕ್ಟರ ಕೆಲಸ, ಅದಕ್ಕೆ ಆಕಾರ ಕೊಡುವುದು ಮೇಷ್ಟ್ರದು. ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಹೋದೆ. ಮೇಷ್ಟ್ರು ನನ್ನ ಹಲ್ಲು ಕಾಣುವ ಹಳೇ ಫೋಟೋ ಕೇಳಿದರು. ಎಲ್ಲಿಂದ ತರಲಿ? ಮದುವೆ ಫೋಟೋದಲ್ಲೂ ನಾನು ತುಟಿ ಬಿಚ್ಚಿಲ್ಲ.

ಮೇಷ್ಟ್ರು ಮಗಳ ಕಡೆ ತಿರುಗಿದರು. "ಇವಳದು ನಿಮ್ಮದೇ ಹಲ್ಲಾ?"

"ಅದೇ ನೋಡಿ ಇವಳ ಗ್ರಹಚಾರ" ಅಂದುಬಿಟ್ಟೆ. ನನ್ನ ನಾಲಿಗೆಗೆ ಲಗಾಮು ಯಾವತ್ತು ಇತ್ತು! ಮಗಳ ಮುಖ ಸಣ್ಣಗಾಯಿತು.

ಮೇಷ್ಟ್ರು ಅಳತೆಯ ಉಪಕರಣ ತೊಳೆದು ತಂದು, ಮಗಳನ್ನು ಕೇಳಿಯೇ ಅವಳ ಮುಂದಿನ ಹಲ್ಲು ಅಳೆದರು. "ಎತ್ತರ ಹತ್ತಾದರೆ ಅಗಲ ಎಂಟು. ಜನ ಚೆಂದ ಅನ್ನೋ ನಗು ಹೆಚ್ಚುಕಮ್ಮಿ ಈ ಲೆಕ್ಕದಲ್ಲೇ ಇರುತ್ತೆ ಪುಟ್ಟಿ. ದೊಡ್ಡದು ಅಂದೋರು ಯಾರೂ ಅಳೆದು ನೋಡಿರಲ್ಲ."

ಆಮೇಲೆ ನನ್ನ ಬಾಯಿಯ ಅಚ್ಚಿನ ಮೇಲೆ ಮೇಣದಲ್ಲಿ ಎರಡು ಬಗೆ ಮಾಡಿ ತೋರಿಸಿದರು: ಒಂದು ನಾನು ಕೇಳಿದ ಪುಟ್ಟ ಹಲ್ಲು, ಇನ್ನೊಂದು ಮಗಳ ಅಳತೆಯದು. "ನೋಡಮ್ಮ, ಬರೀ ಗಿಡ್ಡ ಮಾಡಿದ್ರೆ ಚೌಕ ಆಗುತ್ತೆ. ಅಗಲಾನೂ ಕಮ್ಮಿ ಮಾಡಿದ್ರೆ ಸಂದಿ ಬೀಳುತ್ತೆ."

"ಚೌಕ ಆದ್ರೂ ಪರವಾಗಿಲ್ಲ, ಚಿಕ್ಕದೇ ಇರಲಿ." ನಾನು ಹಿಡಿದ ಪಟ್ಟು ಬಿಡುವವಳಲ್ಲ.

ಆಗ ಮಗಳು ಮೆಲ್ಲಗೆ ಕೇಳಿದಳು, "ಅಮ್ಮಾ, ನನ್ನ ಹಲ್ಲನ್ನೂ ತೆಗೆಸಿ ಚಿಕ್ಕದು ಹಾಕಿಸ್ತೀಯಾ?"

ನನಗೆ ಊರವರು ಮಾಡಿದ್ದನ್ನು ನಾನು ಹೆತ್ತ ಮಗಳಿಗೆ ಮಾಡಿದ್ದೆ. ಮೇಷ್ಟ್ರು ತಲೆ ಎತ್ತದೆ ಮೇಣ ಕೆರೆಯುತ್ತಿದ್ದರು. ಅವರು ಬುದ್ಧಿ ಹೇಳಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆನೇನೋ.

"ಇವಳ ಅಳತೆಯದನ್ನೇ ಮಾಡಿ ಮೇಷ್ಟ್ರೇ" ಅಂದೆ.

ಹತ್ತು ದಿನಕ್ಕೆ ಹಲ್ಲು ಬಂತು. ಆ ಪುಣ್ಯಾತ್ಮ ಮಗಳ ಹಲ್ಲಿನ ತುದಿಯ ಸಣ್ಣ ಓರೆಯನ್ನೂ ಬಿಟ್ಟಿರಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ, ಆ ಋಣ ನಾನು ತೀರಿಸಲಾರೆ. ಡಾಕ್ಟರು ಕೂರಿಸಿ ಕನ್ನಡಿ ಕೊಟ್ಟರು. ನಾನು ಅದರಲ್ಲಿ ನೋಡಿಕೊಳ್ಳುವ ಮೊದಲೇ ಮಗಳು ಕೂಗಿದಳು:

"ಅಮ್ಮಾ, ಎಷ್ಟು ಚೆಂದ ಕಾಣ್ತೀಯ! ಥೇಟ್ ನನ್ನ ಥರ!"