ವ್ಯಾನಿನ ನೀರು ಬಸಿದದ್ದು

ಮಲೇಷ್ಯಾದಲ್ಲಿ ಚಳಿಗಾಲವೇ ಇಲ್ಲ. ಆದರೂ ಒಂದು ಭಾನುವಾರ ಬೆಳಗ್ಗೆ ನನ್ನ ಗಂಡ ಕಾಫಿ ಲೋಟ ಹಿಡಿದುಕೊಂಡು, ಕ್ಯಾಂಪರ್ ವ್ಯಾನಿನ ನೀರಿನ ಪೈಪುಗಳನ್ನು ಚಳಿಗಾಲಕ್ಕೆ ಸಿದ್ಧ ಮಾಡುವುದು ಹೇಗೆ ಎಂಬ ವಿಡಿಯೊ ನೋಡುತ್ತ ಕೂತಿದ್ದರು. ಅದರಲ್ಲಿ ಉಣ್ಣೆ ಟೋಪಿ ಹಾಕಿದ ಮನುಷ್ಯನೊಬ್ಬ ಮೊಣಕಾಲುದ್ದ ಹಿಮದಲ್ಲಿ ನಿಂತು, ಪೈಪು ಒಡೆಯದಿರಲೆಂದು ಗುಲಾಬಿ ಬಣ್ಣದ ದ್ರವ ಸುರಿಯುತ್ತಿದ್ದ. ನಮ್ಮ ತಲೆಯ ಮೇಲೆ ಫ್ಯಾನು ಪೂರ್ತಿ ಜೋರಿನಲ್ಲಿ ತಿರುಗುತ್ತಿದ್ದರೂ ಕತ್ತು ಬೆವರುತ್ತಿತ್ತು.

“ಈ ಪಿಂಕ್ ಲಿಕ್ವಿಡ್ ಆರ್ಡರ್ ಮಾಡ್ಲಾ?” ಎಂದರು.

“ಇಲ್ಲಿ ನೀರು ಗಟ್ಟಿ ಆಗ್ಬೇಕಂದ್ರೆ ಫ್ರಿಜ್ಜಲ್ಲೇ ಇಡ್ಬೇಕು ಕಣ್ರೀ. ನಮಗೆ ತೊಂದ್ರೆ ಇರೋದು ಸೊಳ್ಳೆದು, ಐಸ್‌ದಲ್ಲ.”

ಸೈಬರ್‌ಜಯಾದ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ಆ ಮಳೆಗಾಲ ಕೆಲವರಿಗೆ ಡೆಂಗ್ಯೂ ಬಂದಿತ್ತು. ನೀರು ನಿಲ್ಲುವಂಥದ್ದು ಯಾವುದೂ ಇರಕೂಡದೆಂದು ಆಡಳಿತ ಕಚೇರಿಯವರು ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದ್ದರು. ಬೇಸ್‌ಮೆಂಟಿನಲ್ಲಿದ್ದ ನಮ್ಮ ವ್ಯಾನಿಗಂತೂ ವಿಶೇಷ ಮರ್ಯಾದೆ. ಅದರೊಳಗೆ ನೀರಿನ ಟ್ಯಾಂಕು, ಸಿಂಕು, ಪುಟ್ಟದೊಂದು ಶವರ್, ಬಿಸಿನೀರಿನ ಬಾಯ್ಲರ್ ಎಲ್ಲವೂ ಇದ್ದವು. ಅಷ್ಟನ್ನೂ ಬಸಿದು ಒಣಗಿಸಿ, ಮಳೆ ಮುಗಿಯುವವರೆಗೆ ಬೀಗ ಹಾಕಿ ನಿಲ್ಲಿಸಬೇಕು. ಅವರು ಬಂದು ನೋಡುತ್ತಾರೆ. ನಿಂತ ನೀರು ಸಿಕ್ಕಿದರೆ ಪಾರ್ಕಿಂಗ್ ಜಾಗ ವಾಪಸ್.

ಜಾಗ ಹೋದರೆ ವ್ಯಾನೂ ಹೋದಂತೆಯೇ. ಅಷ್ಟುದ್ದದ ಗಾಡಿಗೆ ಹತ್ತಿರದಲ್ಲಿ ಬೇರೆಲ್ಲೂ ಜಾಗವಿರಲಿಲ್ಲ. ಪುತ್ರಜಯಾದಲ್ಲಿದ್ದ ಗಂಡನ ಸಹೋದ್ಯೋಗಿಯೊಬ್ಬರು ಬಹಳ ದಿನದಿಂದ ಅದರ ಮೇಲೆ ಕಣ್ಣಿಟ್ಟಿದ್ದರು. “ಪ್ರಾಬ್ಲಮ್ ಆದ್ರೆ ಅವನಿಗೇ ಕೊಟ್ಬಿಡೋಣ ಬಿಡು,” ಎಂದು ಇವರು ಹೇಳಿಯೂ ಆಗಿತ್ತು. ಹಳೇ ಸೋಫಾ ಸಾಗಹಾಕುವ ಧಾಟಿಯಲ್ಲಿ.

ವ್ಯಾನು ಕೊಂಡವರು ಇವರೇ. ಆದರೆ ಅದನ್ನು ರಿವರ್ಸ್ ತೆಗೆಯಲು ಹೆದರುತ್ತಿದ್ದರು, ಹಾಗಾಗಿ ಓಡಿಸುವುದು ನನ್ನ ಪಾಲಿಗೆ ಬಂತು. ಮೈಸೂರಿನಲ್ಲಿ ನಾನು ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುತ್ತಿದ್ದವಳು. ಇಲ್ಲಿ ನಾನಿದ್ದುದು ಗಂಡನ ಉದ್ಯೋಗ ವೀಸಾದ ಬಾಲವಾಗಿ ಬರುವ ವೀಸಾದಲ್ಲಿ, ಅದರಲ್ಲಿ ಕೆಲಸ ಮಾಡುವಂತಿಲ್ಲ. ಬೆಳಗ್ಗೆ ಅವರು ಕಾರು ತೆಗೆದುಕೊಂಡು ಹೊರಟರೆ ಮನೆಯಲ್ಲಿ ನಾನು, ನೆಲ ಒರೆಸುವ ಬಟ್ಟೆ, ಮತ್ತು ನಾಲ್ಕು ಬೆರಳಿನಷ್ಟು ಮಾತ್ರ ತೆರೆಯುವ ಕಿಟಕಿ. ಮೇಲಿನ ಮಹಡಿಯವರ ಸುರಕ್ಷತೆಗಾಗಿ ಕಿಟಕಿಗಳನ್ನು ಹಾಗೆ ಮಾಡಿದ್ದಾರಂತೆ. ನನಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ಟ್ಯಾಕ್ಸಿ ಕರೆಸಬಹುದಿತ್ತು, ನಿಜ. ಆದರೆ ಎಲ್ಲಿಗೆ ಎಂದು ಆ್ಯಪ್ ಮೊದಲೇ ಕೇಳುತ್ತದೆ. ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಹೋಗುವುದಷ್ಟೇ ಬೇಕಿತ್ತು.

ವ್ಯಾನಿನಲ್ಲಿ ಹೋಗುತ್ತಿದ್ದೆ. ಒಮ್ಮೊಮ್ಮೆ ಸಮುದ್ರದ ಕಡೆಗೆ, ಒಮ್ಮೊಮ್ಮೆ ಬರೀ ತಾಳೆ ತೋಟಗಳ ನಡುವಿನ ರಸ್ತೆಗೆ. ನೆರಳು ಕಂಡಲ್ಲಿ ನಿಲ್ಲಿಸಿ, ನನ್ನ ಪುಟ್ಟ ಒಲೆಯಲ್ಲಿ ಕಾಫಿ ಕಾಯಿಸಿ, ಬಾಗಿಲು ಪೂರ್ತಿ ತೆರೆದಿಟ್ಟು ಕೂರುತ್ತಿದ್ದೆ. ಸಂಜೆಯೊಳಗೆ ವಾಪಸಾಗಿ ಸಾರಿಗೆ ಬೇಳೆ ಇಡುತ್ತಿದ್ದೆ. ಇದನ್ನೆಲ್ಲ ಇವರಿಗೆ ಎಂದೂ ಬಿಡಿಸಿ ಹೇಳಿರಲಿಲ್ಲ. ಹೇಳಿದರೂ ಪೆಟ್ರೋಲ್ ಬಗ್ಗೆ ಮಾತಾಡುತ್ತಾರೆ ಎಂದುಕೊಂಡಿದ್ದೆ.

ಆದ್ದರಿಂದ ಆ ಭಾನುವಾರ ನಾನು ಸೀರೆ ಸೆರಗು ಸಿಕ್ಕಿಸುವ ಗೋಜಿಲ್ಲದ ಹಳೇ ಚೂಡಿದಾರ ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿದೆ. ಅಲ್ಲಿ ಗಾಳಿಯೆಂಬುದೇ ಇರಲಿಲ್ಲ. ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ ಟ್ಯಾಂಕಿನ ಬಸಿಯುವ ನಲ್ಲಿ ತಿರುಗಿಸಿದೆ. ಮೂಗಿನ ಮೇಲೆ ಒಂದು ಗೇಣಿನಲ್ಲೇ ಗಾಡಿಯ ಹೊಟ್ಟೆ, ಬೆನ್ನಿಗೆ ಕಾವೇರಿದ ಸಿಮೆಂಟು. ಕೆಳಗಿಟ್ಟ ಬಕೆಟ್ಟು ತುಂಬಿದಂತೆಲ್ಲ ಇವರು ಎತ್ತಿಕೊಂಡು ಹೋಗಿ ಮೋರಿಗೆ ಚೆಲ್ಲಿ ಬರುತ್ತಿದ್ದರು. ಆಮೇಲೆ ಬಾಯ್ಲರಿನ ಬಿರಡೆ ಬಿಚ್ಚಿದೆ. ಒಳಗಿನ ನಲ್ಲಿಗಳನ್ನೆಲ್ಲ ತೆರೆದು ಪಂಪು ಹಾಕಿದೆ. ಅದು ಒಂದಷ್ಟು ನೀರು ಉಗುಳಿ, ಕೆಮ್ಮಿ, ಕೊನೆಗೆ ಬರೀ ಗಾಳಿ ತಳ್ಳತೊಡಗಿದಾಗ ಆರಿಸಿದೆ. ಟೈರಿಗೆ ಗಾಳಿ ಹಾಕುವ ಯಂತ್ರದಿಂದ ಪೈಪುಗಳಿಗೆ ಗಾಳಿ ಊದಿದೆ. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ಉಳಿಯುತ್ತದೆ. ಅದನ್ನೂ ಬಿಚ್ಚಿ, ಹಳೇ ಪಂಚೆಯ ತುಂಡು ತೂರಿಸಿ ಒರೆಸಿದೆ.

“ಸಾಕು ಬಾರೇ, ಪಾತ್ರೆ ತೊಳೆದ ಹಾಗೆ ತೊಳೀತಿದೀಯ,” ಎಂದರು ಇವರು.

“ಸಾಕು ಅನ್ನೋಕೆ ನಿಮಗೇನು? ಕೊಟ್ಬಿಡೋಣ ಅಂದೋರು ನೀವೇ ತಾನೆ.”

ಅವರು ಬಕೆಟ್ಟು ಎತ್ತಿಕೊಂಡು ಆಚೆ ಹೋದರು.

ಒಳಗೆ ಮುಗ್ಗಲು ಹಿಡಿಯದಿರಲೆಂದು ಛಾವಣಿಯ ಕಿಂಡಿಯನ್ನು ಸ್ವಲ್ಪ ತೆರೆದಿಟ್ಟೆ. ಪರದೆ ಎಳೆದೆ. ಇವರು ಖಾಲಿ ಬಕೆಟ್ಟು ಹಿಡಿದು ಪಕ್ಕಕ್ಕೆ ಬಂದು ನಿಂತರು. ಬೀಗ ಹಾಕುವಾಗ ಕೈ ತಡೆಯಿತು. ನಮ್ಮಲ್ಲಿ ಮನೆಯನ್ನು ನೀರಿಲ್ಲದೆ ಬರಿದು ಮಾಡಿ ಹೊರಡುವುದಿಲ್ಲ. ಪ್ರತಿ ಸಲ ಊರಿಗೆ ಹೊರಡುವಾಗಲೂ ನಾನು ಅಮ್ಮ ಕೊಟ್ಟ ಹಿತ್ತಾಳೆ ಚೊಂಬನ್ನು ಬೆಳಗಿ, ನೀರು ತುಂಬಿಸಿ, ತುಳಸಿ ದಳ ಹಾಕಿ ಒಲೆಯ ಪಕ್ಕ ಇಟ್ಟು ಬರುತ್ತೇನೆ. ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತ ಇವರು, “ಫ್ಲೈಟ್ ಹೋಗತ್ತೆ, ನಿನ್ನ ಚೊಂಬು ಇಲ್ಲೇ ಇರತ್ತೆ,” ಎಂದು ಗೊಣಗುವುದೂ ಆ ಶಾಸ್ತ್ರದ ಒಂದು ಭಾಗ. ಇದು ಮನೆಯಲ್ಲ, ವ್ಯಾನು ಎಂದು ನನಗೆ ನಾನೇ ಹೇಳಿಕೊಂಡು ಬೀಗ ತಿರುಗಿಸಿದೆ.

ಮೇಲೆ ಬಂದು ಸ್ನಾನಕ್ಕೆ ಹೋದೆ. ಟಾರ್ಚ್ ಮರೆತು ಬಂದಿದ್ದೇನೆ ಎಂದು ಇವರು ಮತ್ತೆ ಕೆಳಗೆ ಹೋದರು. ನಾನು ತಲೆ ಒರೆಸಿಕೊಂಡು ಬಂದ ಮೇಲೂ ಅವರು ವಾಪಸಾಗಿರಲಿಲ್ಲ.

ಮುಂದಿನ ಎರಡು ವಾರ ದಿನಾ ಮಧ್ಯಾಹ್ನ ಮಳೆ ಹೊಡೆಯಿತು. ನಾನು ಕಿಟಕಿಯ ಸಂದಿಗೆ ಮೂಗು ತಾಗಿಸಿ ನಿಂತಿರುತ್ತಿದ್ದೆ. ವ್ಯಾನಿನ ಕೀಲಿ ಗೋಡೆಯ ಮೊಳೆಯಲ್ಲಿತ್ತು. ಆಗಾಗ ಮುಟ್ಟಿ ನೋಡುತ್ತಿದ್ದೆ. ಈ ಮಳೆಯೊಂದು ಮುಗಿದುಬಿಡಲಿ, ಒಂದು ವಾರ ಮನೆ ಕಡೆ ತಲೆ ಹಾಕುವುದಿಲ್ಲ ಎಂದು ಮನಸ್ಸಿನಲ್ಲೇ ಹಾರಾಡುತ್ತಿದ್ದೆ.

ತಪಾಸಣೆಗೆ ಬಂದವರು ಆಡಳಿತ ಕಚೇರಿಯ ಮಲಯ್ ಹೆಂಗಸು. ತಲೆಗೆ ಟುಡುಂಗ್ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದಿದ್ದರು. ಬಗ್ಗಿ ಟ್ಯಾಂಕು ನೋಡಿದರು, ಬಸಿಯುವ ನಲ್ಲಿಗೆ ಬೆರಳಿಟ್ಟರು. ಬೆರಳು ಒಣಗೇ ಇತ್ತು.

“ಬಾಗುಸ್, ಕಾಕ್,” ಎಂದರು. ಚೆನ್ನಾಗಿದೆ ಅಕ್ಕಾ ಎಂದು. ನಾನು ಸ್ಕೂಲಿನಲ್ಲಿ ಬಹುಮಾನ ಬಂದವಳ ಹಾಗೆ ಹಿಗ್ಗಿ ಬಾಗಿಲು ತೆರೆದೆ. ಅವರು ಒಳಗೆ ಹೋಗಿ ಒಂದೊಂದೇ ನಲ್ಲಿ ತಿರುಗಿಸಿದರು. ಗಾಳಿ ಬಂತು. ಆಮೇಲೆ ಟಾರ್ಚಿನ ಬೆಳಕು ಹಿಂದಿನ ಮೂಲೆಗೆ, ಒಲೆಯ ಪಕ್ಕಕ್ಕೆ ಬಿತ್ತು.

ನನ್ನ ಹಿತ್ತಾಳೆ ಚೊಂಬು. ಕಂಠದವರೆಗೆ ನೀರು, ಮೇಲೆ ಕಪ್ಪಾದ ತುಳಸಿ ದಳ, ಅದರ ಕೆಳಗೆ ಮಿಸುಕಾಡುವ ಸೊಳ್ಳೆಮರಿಗಳು.

“ಸಾರಿ ಯಾ, ಕಾಕ್. ದಿಸ್ ಒನ್ ಕೆನಾಟ್ ಲಾ. ಥರ್ಡ್ ಫ್ಲೋರ್ ಬೇಬಿ ಸ್ಟಿಲ್ ಇನ್ ಹಾಸ್ಪಿಟಲ್,” ಎಂದರು ಆಕೆ, ಮೆಲ್ಲಗೆ.

ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿರುವ ಕೂಸಿನ ಮುಂದೆ ನಾನು ಯಾವ ವಾದ ಹೂಡಲಿ? ಪಾರ್ಕಿಂಗ್ ಜಾಗ ಹೋಯಿತು. ಚೊಂಬು ಎತ್ತಿಕೊಂಡು ಇಳಿದೆ. ನಾನೇ ಮೈಮರೆತು ಇಟ್ಟೆನೇ ಎಂದು ದಿನವಿಡೀ ತಲೆ ಕೆಡಿಸಿಕೊಂಡೆ. ಸಂಜೆ ಇವರು ಬಂದು ಶೂ ಬಿಚ್ಚುತ್ತಿದ್ದಾಗ ಚೊಂಬನ್ನು ಎದುರಿಗಿಟ್ಟು ಆದದ್ದನ್ನು ಹೇಳಿದೆ.

ಒಂದು ಕಾಲಿನ ಶೂ ಹಾಗೇ ಉಳಿಯಿತು.

“ನಾನೇ ಇಟ್ಟಿದ್ದು,” ಎಂದರು. “ಅವತ್ತು ಟಾರ್ಚ್ ತರೋಕೆ ಹೋದೆನಲ್ಲ, ಆಗ.”

“ಯಾಕ್ರೀ?”

“ಮನೆ ಬಿಡೋವಾಗ ನೀನು ಇಡ್ತೀಯಲ್ಲ.”

“ಅದು ವ್ಯಾನು.”

“ನಿಂಗೆ ಅದೇ ಮನೆ ಅಂತ ನಂಗೊತ್ತಿಲ್ವಾ? ಬೀಗ ಹಾಕೋವಾಗ ನಿನ್ನ ಮುಖ ನೋಡಿದ್ನಲ್ಲ.”

ವ್ಯಾನನ್ನು ಕಳೆದವರು ಇವರೇ. ಅದು ನನಗೇನು ಎಂದು ತಿಳಿದಿದ್ದವರೂ ಇವರೊಬ್ಬರೇ. ಇನ್ನು ಆ ನಾಲ್ಕು ಬೆರಳಿನ ಕಿಟಕಿಯಿಂದ ಹೊರಗೆ ಹೋಗಲು ನನಗೆ ಉಳಿದಿದ್ದುದು ಸಿಟ್ಟೊಂದೇ. ಅದನ್ನೂ ಅವರು ಕಿತ್ತುಕೊಂಡಿದ್ದರು. ನಾನು ಅತ್ತೆ. ಅವರು ಒಂದು ಶೂ ಹಾಕಿಕೊಂಡೇ ಪಕ್ಕದಲ್ಲಿ ಕೂತರು.

ಶನಿವಾರ ಪುತ್ರಜಯಾದ ಸಹೋದ್ಯೋಗಿ ವ್ಯಾನು ಒಯ್ಯಲು ಬಂದು ಕೀಲಿ ತೆಗೆದುಕೊಂಡರು. ಬೇಸ್‌ಮೆಂಟಿನ ಇಕ್ಕಟ್ಟಿನಿಂದ ಅವರಿಗೂ ರಿವರ್ಸ್ ತೆಗೆಯಲು ಬರಲಿಲ್ಲ. ನಾನೇ ತೆಗೆದು ಗೇಟಿನವರೆಗೆ ತಂದುಕೊಟ್ಟೆ, ಲಿಫ್ಟಿನಲ್ಲಿ ಮೇಲೆ ಬಂದೆ.

ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೆ. ಒರೆಸಿ, ಕಪಾಟಿನ ಮೇಲಿನ ಹಲಗೆಯಲ್ಲಿ ಬೋರಲು ಹಾಕಿದೆ. ಅದಕ್ಕೆ ನೀರು ತುಂಬಿಸುವುದು ಎಲ್ಲಿಗಾದರೂ ಹೊರಡುವಾಗ ಮಾತ್ರ.