ಬೀಗರಿಗೂ ನಳದ ನೀರು

ಬೆಳಕು ಹರಿಯುವ ಹೊತ್ತು. ಜತ್ತ ತಾಲೂಕಿನ ಉಟಗಿ ಸಮೀಪದ ವಸ್ತಿಯೊಂದರಲ್ಲಿ ಕುರಿಗಳಿನ್ನೂ ಹಟ್ಟಿ ಬಿಟ್ಟಿಲ್ಲ. ರಾಜರತ್ನ ಆಗಲೇ ನೀರಿನ ಟಾಕಿಯ ಬುಡದಲ್ಲಿ ಕುಳಿತು ಬಕೆಟ್‌ನಲ್ಲಿ ಬಿಳಿ ಪುಡಿ ಕಲಸುತ್ತಿದ್ದಾರೆ. ಇದು ಟಿಸಿಎಲ್, ನೀರಿನ ರೋಗಾಣು ಕೊಲ್ಲುವ ಪುಡಿ. ಅವರು ಮೂಗಿಗೆ ವಸ್ತ್ರ ಕಟ್ಟಿಕೊಂಡಿದ್ದಾರೆ, ಅವರ ಕೆಲಸ ನೋಡಲು ಬಂದ ನಾನು ಕಟ್ಟಿಕೊಂಡಿಲ್ಲ. ಕೆಮ್ಮಿ ಕೆಮ್ಮಿ ಸಾಕಾಗುತ್ತದೆ. "ದೂರ ನಿಂದರ್ರಿ ಸಾಹೇಬ್ರ, ಇದು ಹೊಸಬರನ್ನ ಅಳಸ್ತೈತಿ," ಎಂದು ನಗುತ್ತಾರೆ.

ಪುಡಿ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಹೊತ್ತು ಟಾಕಿ ಏರಿ ಸುರಿಯುತ್ತಾರೆ. ಆಮೇಲೆ ಕೊನೆಯ ಮನೆಯ ನಳದ ನೀರು ಹಿಡಿದು, ಔಷಧದ ಹನಿ ಬಿಟ್ಟು ನೋಡುತ್ತಾರೆ. ಹಳದಿಯಾದರೆ ಪುಡಿ ಅಲ್ಲಿಯವರೆಗೂ ಮುಟ್ಟಿದೆ ಎಂದರ್ಥ. ಪಂಚಾಯತಿಯ ಕಾಗದದಲ್ಲಿ ಅವರು ಜಲಸುರಕ್ಷಕ. ಪುಡಿಯ ವಾಸನೆಗೆ ಬೇಸತ್ತ ಊರು ಮಾತ್ರ ಬಹಳ ಕಾಲ ನೀರು ಕೆಡಿಸುವವ ಎಂದೇ ಬೈದಿದೆ.

"ಇವತ್ತ ಹಾಲವ್ವಾರ ಮಗಳ ಮದವಿರಿ. ಬೀಗರಿಗೆ ಯಾವ ನೀರ ಕೊಡ್ತಾರೋ, ಅದ ನನ್ನ ಚಿಂತಿ," ಎನ್ನುತ್ತಾರೆ.

ಚಿಂತೆಗೆ ಕಾರಣವಿದೆ. ಬೀಗರಿಗೆ ವಾಸನೆಯ ನೀರು ಕೊಡುವುದೆಂದರೆ ಇಲ್ಲಿ ಮನೆತನಕ್ಕೇ ಕುಂದು. ಹೋದ ಮಳೆಗಾಲ ಇದೇ ಮಗಳ ನಿಶ್ಚಯಕ್ಕೆ ಹಾಲವ್ವ ಹೊಲದ ಬಾವಿಯಿಂದ ಸಿಹಿನೀರು ತರಿಸಿದ್ದರು. ಆ ಬಾವಿ ಪುಡಿ ಕಂಡದ್ದೇ ಇಲ್ಲ. ಮರುದಿನ ಬೀಗರಿಗೆಲ್ಲ ವಾಂತಿಭೇದಿ. ಹುಡುಗನ ಅಜ್ಜನನ್ನು ಜೀಪಿನಲ್ಲಿ ಮಲಗಿಸಿ ದವಾಖಾನೆಗೆ ಒಯ್ಯಬೇಕಾಯಿತು, ಅಂತೂ ಉಳಿದರು. ಮೊದಲು ಅಡುಗೆಯನ್ನು ಬೈದರು, ಆಮೇಲೆ ರೂಢಿಯಂತೆ ರಾಜರತ್ನರನ್ನು. "ಪುಡಿ ಹಾಕೂದ ಬಂದ್ ಮಾಡು ಅಂದ್ರು. ಬಂದ್ ಮಾಡಿದ್ರ ಊರಿಗೂರ ಮಲಗತಿತ್ತು," ಎನ್ನುತ್ತಾರೆ ಅವರು.

ಆರೋಗ್ಯ ಉಪಕೇಂದ್ರದ ನರ್ಸ್ ಪ್ರಣಾಲಿ ರಾಜರತ್ನರನ್ನು ಜೊತೆಗೆ ಕರೆದುಕೊಂಡು ಮನೆಮನೆ ತಿರುಗಿದರು. ಮಲಗಿದವರನ್ನಷ್ಟೇ ಅಲ್ಲ, ಆರಾಮಾಗಿ ಓಡಾಡುತ್ತಿದ್ದವರನ್ನೂ ಕೇಳಿದರು: ಏನು ಉಂಡಿರಿ, ಯಾವ ನೀರು ಕುಡಿದಿರಿ? ಬಡಿಸಿ ಕಡೆಗೆ ಉಂಡ ಮನೆಯ ಹೆಂಗಸರಿಗೆ ಏನೂ ಆಗಿರಲಿಲ್ಲ. ಅದೇ ಹೋಳಿಗೆ, ಅದೇ ಸಾರು. ಆದರೆ ಸಿಹಿನೀರು ಬೀಗರಿಗೆ ಮೀಸಲು. ಇವರು ಕುಡಿದದ್ದು ನಳದ ನೀರು. "ಆರಾಮ ಇದ್ದವರನ್ನ ಕೇಳದಿದ್ರ ಪಾಪ ಎಲ್ಲಾ ಅಡಗಿ ಮ್ಯಾಲೇ ಬರ್ತಿತ್ತು," ಎನ್ನುತ್ತಾರೆ ಪ್ರಣಾಲಿ. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದರು. ಕುಡಿಯಲು ಯೋಗ್ಯವಲ್ಲ ಎಂದು ಉತ್ತರ ಬಂತು. ಸಾರ್ವಜನಿಕ ಆರೋಗ್ಯ ಓದುವ ಮಕ್ಕಳಿಗೆ ಇದಕ್ಕಿಂತ ಚೊಕ್ಕ ಪಾಠ ಎಲ್ಲಿ ಸಿಗಬೇಕು?

ರಾಜರತ್ನರ ಅಜ್ಜ ಊರಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಮೇಲಿನವರು ಸುರಿದರೆ ಕೊಡ ತುಂಬಬೇಕಿತ್ತು. ಮೊಮ್ಮಗ ಊರ ಟಾಕಿ ಏರುವುದನ್ನು ನೋಡಿ ನನಗಂತೂ ಎದೆ ತುಂಬಿ ಬರುತ್ತದೆ. ಅವರಿಗೆ ಅದನ್ನೆಲ್ಲ ಮಾತಾಡಲು ಪುರುಸೊತ್ತಿಲ್ಲ, ಮದುವೆಗೆ ಹೊರಟಿದ್ದಾರೆ.

ಚಪ್ಪರದಲ್ಲಿ ಬೀಗರೊಬ್ಬರು ಒಂದು ಗುಟುಕು ಕುಡಿದು ಮುಖ ಹಿಂಡುತ್ತಾರೆ. "ನೀರ ವಾಸನಿ ಬರ್ತೈತಲ್ರಿ?"

ರಾಜರತ್ನ ಊಟದ ಎಲೆಯಿಂದ ತಲೆ ಎತ್ತುತ್ತಾರೆ. ತಂಬಿಗೆ ಹಿಡಿದ ಹಾಲವ್ವ ಒಂಚೂರೂ ಅಳುಕುವುದಿಲ್ಲ.

"ಹೌದ್ರಿ. ನಮ್ಮ ರಾಜರತ್ನನ ಕೈ ನೀರ. ಕುಡೀರಿ, ಏನೂ ಆಗೂದಿಲ್ಲ."