ಅರ್ಧ ಸುತ್ತು ತಿರುಗಿಸಿ ಕೂತವನು

ಮೂರು ದಿನ ಒಣಗಿದ ನಲ್ಲಿ ಮತ್ತೆ ನೀರು ಕಾಣುವ ಮೊದಲು ಕೆಮ್ಮುತ್ತದೆ, ಕೇಳಿದ್ದೀರಾ? ಖೊರ್ ಖೊರ್ ಎಂದು ಗಾಳಿ ಉಗುಳಿ, ಒಂದು ಗುಟುಕು ಕಂದು ನೀರು ಕಕ್ಕಿ, ಮತ್ತೆ ಸುಮ್ಮನಾಗುತ್ತದೆ. ಕಳೆದ ವಾರ ಹೆಬ್ಬಾಳದ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಪೈಪು ರಿಪೇರಿ ಮುಗಿಸಿ, ಆ ಕೆಮ್ಮಿಗೆ ಕಿವಿಗೊಟ್ಟು ನಿಂತಿದ್ದೆ. ಪಕ್ಕದ ಮೀಟಿಂಗ್ ಹಾಲ್‌ನಲ್ಲಿ ಸೂಟು ತೊಟ್ಟವರೊಬ್ಬರು ಭಾಷಣ ಮಾಡುತ್ತಿದ್ದರು. ವಿಷಯ, ಕಷ್ಟಕಾಲದಲ್ಲಿ ನಾಯಕನಿಗೆ ಇರಬೇಕಾದ ತಾಳ್ಮೆ. ಮೈಕು ಎರಡು ನಿಮಿಷ ಕೈಕೊಟ್ಟಿತೆಂದು ವಾಚ್‌ಮನ್ನನ್ನು ಎಲ್ಲರೆದುರು ಗದರಿಸಿ ಆಮೇಲೆ ಶುರು ಮಾಡಿದ ಭಾಷಣ ಅದು. ಇಡೀ ಕಟ್ಟಡಕ್ಕೆ ಹನಿ ನೀರಿಲ್ಲ. ಅವರ ಮೇಜಿನ ಮೇಲೆ ಮಾತ್ರ ಸೀಲು ಒಡೆಯದ ಬಾಟಲಿಗಳು. ಎದುರಿಗೆ ಬಾಟಲಿ ಇಟ್ಟರೆ ತಾಳ್ಮೆ ನನಗೂ ಬರುತ್ತದೆ ಸ್ವಾಮಿ.

"ತಾಳ್ಮೆ ಅಂದ್ರೆ ನಗುಮುಖ" ಎಂದರು ಅವರು. ಜನ ಬರೆದುಕೊಂಡರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಬರೆದುಕೊಳ್ಳುವ ಅಭ್ಯಾಸ ಕಡಿಮೆ. ಆದರೆ ಯಲಹಂಕದಿಂದ ಆರ್.ಟಿ. ನಗರದವರೆಗೆ ಎಷ್ಟೋ ಮನೆಗಳಿಗೆ ನೀರು ಹೋಗುವುದು ಈ ಕೈ ಜೋಡಿಸಿದ ಪೈಪಿನಲ್ಲಿ. ಹನ್ನೆರಡು ಜನ ನನ್ನ ಕೆಳಗೆ ದುಡಿಯುತ್ತಾರೆ. ಹಾಗಾಗಿ ಇಂಥ ಮಾತಿಗೆ ನಗುವ ಹಕ್ಕು ನನಗೂ ಸ್ವಲ್ಪ ಇದೆ. ಬೇರೆ ದಾರಿಯಿಲ್ಲದೆ ಕಾಯುವುದೇ ತಾಳ್ಮೆಯಾಗಿದ್ದರೆ, ಸಂಜೆ ಆರಕ್ಕೆ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತವರೆಲ್ಲ ಇಷ್ಟರಲ್ಲಿ ಸನ್ಯಾಸಿಗಳಾಗಿರಬೇಕಿತ್ತು. ಹಾರ್ನ್ ಹೊಡೆದು ಪಕ್ಕದವನ ತಾಯಿಯನ್ನು ನೆನೆಯುವ ಸನ್ಯಾಸಿಗಳು.

ನಿಜವಾದ ತಾಳ್ಮೆಯನ್ನು ನಾನು ಕಂಡದ್ದು ಒಬ್ಬನಲ್ಲಿ. ಅವನಿಗೆ ಸೂಟಿರಲಿಲ್ಲ, ಖಾಕಿ ಚಡ್ಡಿ ಇತ್ತು. ಹೆಸರು ಮುನಿಯಪ್ಪ, ಹುಣಸಮಾರನಹಳ್ಳಿ ಕಡೆಯ ನಮ್ಮ ಊರಿನ ನೀರುಗಂಟಿ. ಊರಿನ ತಲೆಯ ದಿಬ್ಬದ ಮೇಲೆ ಟ್ಯಾಂಕು. ಅದರ ವಾಲ್ವನ್ನು ಉದ್ದನೆಯ ಕಬ್ಬಿಣದ ಕೀಲಿಯಿಂದ ತಿರುಗಿಸಿ ಬೀದಿ ನಲ್ಲಿಗಳಿಗೆ ನೀರು ಬಿಡುವುದು ಅವನ ಕೆಲಸ. ನಗುಮುಖದ ಮನುಷ್ಯನೂ ಅಲ್ಲ. ಅವನು ನಕ್ಕದ್ದನ್ನು ನೋಡಿದವರು ಊರಲ್ಲಿ ಕಡಿಮೆ.

ಮೂವತ್ತು ವರ್ಷದ ಹಿಂದೆ ಒಂದು ಬೇಸಿಗೆ ಬೋರಿನ ಮೋಟರ್ ಸುಟ್ಟು ಹನ್ನೊಂದು ದಿನ ನೀರಿಲ್ಲ. ನಮ್ಮ ಮನೆಯಲ್ಲಿ ತಂಗಿ ಹಸಿ ಬಾಣಂತಿ. ಅವಳಿಗೆ ನೀರು ಹಾಕಲು ಅಮ್ಮ ಪಕ್ಕದೂರಿನಿಂದ ಕೊಡ ಹೊರುತ್ತಿದ್ದಳು. ಹನ್ನೆರಡನೇ ದಿನ ಬೆಳಿಗ್ಗೆ ಹೊಸ ಮೋಟರ್ ಓಡಿ ಟ್ಯಾಂಕು ತುಂಬಿತು. ಆಗಷ್ಟೇ ಪ್ಲಂಬಿಂಗ್ ಕಲಿತು ಮೀಸೆ ತಿರುವುತ್ತಿದ್ದ ನಾನು ಮುನಿಯಪ್ಪನ ಜೊತೆ ದಿಬ್ಬಕ್ಕೆ ಹೋದೆ. ಅವನು ಕೀಲಿ ಇಟ್ಟು ಅರ್ಧ ಸುತ್ತು ತಿರುಗಿಸಿದ. ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷರು ಬೈಕಿನಲ್ಲಿ ಬಂದರು. "ಏನ್ಲಾ ಮುನಿಯಪ್ಪ, ಹೆಣ ಕಾಯೋನ್ ತರ ಕೂತಿದ್ದೀಯ? ಪೂರ್ತಿ ತೆಗಿ!"

"ಪೈಪ್ ತುಂಬಾ ಗಾಳಿ ಐತೆ ಅಧ್ಯಕ್ಷ್ರೇ. ಅದು ಮೆಲ್ಲಗೆ ಆಚೆ ಓಗ್ಬೇಕು. ಒಂದೇ ಸಲ ನೀರು ನುಗ್ಗಿದ್ರೆ ಒಡೀತದೆ."

"ಕೆಳಗೆ ಹೆಂಗಸ್ರು ನನ್ ಮಾನ ಕಳೀತಾವ್ರೆ. ನಿನ್ ಗಾಳಿ ಕತೆ ಅವರಿಗ್ ಹೇಳ್ಲಾ?"

"ಮದ್ಯಾನಕ್ಕೆ ನೀರು ಅನ್ನಿ. ಬೈದ್ರೆ ಬೈಸ್ಕೊಳಿ."

ಬೈಸಿಕೊಳ್ಳುವುದು ಅಧ್ಯಕ್ಷರ ಜಾತಕದಲ್ಲಿರಲಿಲ್ಲ. ನನ್ನ ಕಡೆ ತಿರುಗಿದರು. "ಏನಪ್ಪಾ ಪ್ಲಂಬರ್ರು, ತೋಳಲ್ಲಿ ಶಕ್ತಿ ಐತೋ, ಇಲ್ಲಾ ಶರ್ಟೊಳಗೂ ಬರೀ ಗಾಳಿನೋ?"

ಅಷ್ಟು ಸಾಕಾಯಿತು. ಬಾಣಂತಿ ತಂಗಿಗಾಗಿ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು, ಆ ಶರ್ಟಿನ ಮಾತಿಗಾಗಿ. ಕೀಲಿ ಕಿತ್ತುಕೊಂಡೆ. "ಬ್ಯಾಡ ಕಣ್ಲಾ" ಎಂದು ಮುನಿಯಪ್ಪ ಮಣಿಕಟ್ಟು ಹಿಡಿದ. ಕೊಡವಿ, ಗರಗರನೆ ಕೊನೆಯವರೆಗೂ ತಿರುಗಿಸಿದೆ. ಕೆಳಗಿಂದ ಶಿಳ್ಳೆ ಕೇಳಿಸಿತು. ಅಧ್ಯಕ್ಷರು ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ಬಾಚಿ ಮುಗಿಯುವ ಮೊದಲೇ ಇಳಿಜಾರಿನಲ್ಲಿ ಢಮ್ ಎಂದಿತು. ಪೈಪು ಎರಡು ಕಡೆ ಸೀಳಿ, ನೀರು ತೆಂಗಿನ ಮರದೆತ್ತರ ಚಿಮ್ಮಿತು. ಮುನಿಯಪ್ಪ ಕೀಲಿ ಕಸಿದು ವಾಲ್ವ್ ಮುಚ್ಚುವಷ್ಟರಲ್ಲಿ ಹನ್ನೊಂದು ದಿನ ಕಾದು ಪಡೆದ ನೀರು ಮಣ್ಣುಪಾಲಾಗಿತ್ತು.

ಅಧ್ಯಕ್ಷರು ಕೆಳಗಿಳಿದು ಖಾಲಿ ಕೊಡಗಳ ಮುಂದೆ ನಿಂತು ಹೇಳಿದ್ದೇನು ಗೊತ್ತೇ? "ಎಲ್ಲಾರೂ ತಾಳ್ಮೆಯಿಂದ ಇರಿ. ನೀರುಗಂಟಿ ಎಡವಟ್ಟು ಮಾಡವ್ನೆ." ಈ ತಾಳ್ಮೆಯ ಮಾತು ಅವರಿಗೆ ನೆನಪಾಗುವುದು ಯಾವಾಗಲೂ ಪೈಪು ಒಡೆದ ಮೇಲೇ, ಯಾವಾಗಲೂ ಬೇರೆಯವರಿಗಾಗಿ.

ಹೆಂಗಸರು ಮುನಿಯಪ್ಪನ ಮೇಲೆ ಬಿದ್ದರು. ಎಲ್ಲರಿಗಿಂತ ಜೋರು ನಮ್ಮಮ್ಮನದೇ. "ನಿನ್ ಕೈ ಸೇದೋಗ! ನನ್ ಮಗಳು ಒಣಗ್ತಾವ್ಳೆ ಒಳಗೆ!" ಎಂದು ಅವನ ಹೆಂಡತಿಯ ಮುಂದೆಯೇ ಶಾಪ ಹಾಕಿದಳು. ನಾನು ಅಮ್ಮನ ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಕೈಗೆ ಗುದ್ದಲಿ ಕೊಟ್ಟು, "ಅಗಿ" ಎಂದ, ಅಷ್ಟೇ.

ಮೂರು ದಿನ ಅಗೆದೆವು. ಎರಡನೇ ದಿನ ತಡೆಯಲಾರದೆ ಕೇಳಿದೆ, "ಅಣ್ಣಾ, ನಾನು ಅಂತ ಯಾಕೆ ಹೇಳ್ಲಿಲ್ಲ?"

"ನೀನು ಅಂದಿದ್ರೆ ಜನ ನಿನ್ನ ಅಟ್ಟಿಸ್ಕೊಂಡು ಓಗೋರು. ಆಮೇಲೆ ಇಲ್ಲಿ ಅಗೆಯೋನ್ ಯಾವನ್ಲಾ? ಮೊದ್ಲು ನೀರು ಬರ್ಲಿ."

ನೀರು ಬಂತು. ಅರ್ಧ ಸುತ್ತು, ಕೂರುವುದು. ಮತ್ತೆ ಅರ್ಧ ಸುತ್ತು, ಕೂರುವುದು. ಮಧ್ಯಾಹ್ನಕ್ಕೆ ಎಲ್ಲ ಕೊಡ ತುಂಬಿತು, ತಂಗಿಗೆ ಹಂಡೆ ನೀರು ಕಾಯಿತು. ಸಂಜೆ ಪಂಚಾಯ್ತಿ ಕಟ್ಟೆಯ ಮೇಲೆ ಅಧ್ಯಕ್ಷರು ಮುನಿಯಪ್ಪನಿಂದ ಕೀಲಿ ಇಸಿದುಕೊಂಡು, ಊರವರೆದುರು ನನಗೆ ಕೊಟ್ಟರು. ಹೊಸ ನೀರುಗಂಟಿ ನಾನೇ. ಮುನಿಯಪ್ಪ ನನ್ನ ಮುಖ ನೋಡಿದ. ಈಗ ನೀರು ಬಂದಿತ್ತು, ಈಗ ನಾನು ಹೇಳಬಹುದಿತ್ತು. ಅವನು ಬೇಕಾದಷ್ಟು ಹೊತ್ತು ಕಾದ. ನಾನು ಕೀಲಿ ಹೆಗಲಿಗೇರಿಸಿದೆ. ಅಲ್ಲಿಂದ ಶುರುವಾದದ್ದು ಈ ಹನ್ನೆರಡು ಜನರ ಯಜಮಾನಿಕೆ. ಸೂಟಿನವರನ್ನು ಇಷ್ಟು ಹೊತ್ತು ಆಡಿಕೊಂಡೆನಲ್ಲ, ಅವರಾದರೂ ಯಾರ ಕೀಲಿಯನ್ನೂ ಕಿತ್ತುಕೊಂಡಂತೆ ಕಾಣಲಿಲ್ಲ.

ಅಪಾರ್ಟ್‌ಮೆಂಟಿನಿಂದ ಊರಿಗೆ ಬಂದ ಆ ದಿನವೇ, ಅವತ್ತು ಪೈಪು ಒಡೆಸಿದ್ದು ನಾನೇ ಎಂದು ಅಮ್ಮನಿಗೆ ಹೇಳಿದೆ. ಎಂಬತ್ತು ದಾಟಿದ್ದಾಳೆ, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು.

"ಅವ್ನ್ ಎಂಡ್ರು ಮುಂದೆ ಬೈದ್ನಲ್ಲೋ ನಾನು. ನೀನ್ ನನ್ ಪಕ್ಕದಾಗೇ ನಿಂತಿದ್ದಲ್ಲೋ."

"ಸಮಯ ನೋಡಿ ಹೇಳೋಣ ಅಂತ ತಾಳ್ಮೆಯಿಂದ..."

"ತಾಳ್ಮೆನಂತೆ ತಾಳ್ಮೆ! ಚಪ್ಲಿ ಮೆಟ್ಕೊ."

ಮುನಿಯಪ್ಪನ ಮನೆ ಎರಡು ಬೀದಿ ಆಚೆ. ನಮ್ಮ ಬಾಗಿಲು ದಾಟುವಾಗ ಆಸರೆಗೆಂದು ಕೈ ಹಿಡಿಯಹೋದರೆ ಅಮ್ಮ ಕೊಡವಿದಳು. "ನೀನ್ ಮುಂದ್ ನಡಿ" ಎಂದಳು. ನಡೆದೆ. ಜಗುಲಿಯ ಮೇಲೆ ಕೂತಿದ್ದ ಮುದುಕ ದೂರದಿಂದಲೇ ನಮ್ಮನ್ನು ಕಂಡ. ಎದ್ದೇಳಲಿಲ್ಲ, ಬಾ ಎನ್ನಲಿಲ್ಲ. ನಾನು ಬರುವವರೆಗೂ ನೋಡುತ್ತ ಕೂತ.